ಗ್ಯಾಲರಿಯಲ್ಲಿ ಗಿಟಾರು

ನಿವೃತ್ತರಾದ ಬ್ಯಾಂಕಿನವರು ಸಾಮಾನ್ಯವಾಗಿ ಮೂರು ಕೆಲಸ ಮಾಡುತ್ತಾರೆ. ಬೆಳಿಗ್ಗೆ ವಾಕಿಂಗು, ಮಧ್ಯಾಹ್ನ ಪಾಸ್‌ಬುಕ್ಕು, ಸಂಜೆ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯ ಜೊತೆ ನೀರಿನ ಟ್ಯಾಂಕಿನ ಬಗ್ಗೆ ಜಗಳ. 2020ರಲ್ಲಿ ನಿವೃತ್ತನಾದ ಮೇಲೆ ನಾನೂ ಎರಡು ವರ್ಷ ಇವನ್ನೇ ನಿಷ್ಠೆಯಿಂದ ಮಾಡಿಕೊಂಡಿದ್ದೆ. ಹಾಗಿರುವಾಗ 2022ರ ನವೆಂಬರಿನ ಒಂದು ಮಧ್ಯಾಹ್ನ ಕೊರಿಯರ್ ಹುಡುಗ ನಮ್ಮ ಡೊಂಬಿವಲಿಯ ಮನೆಗೆ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ತಂದಿಳಿಸಿ ಸಹಿ ಹಾಕಿಸಿಕೊಂಡು ಹೋದ.

"ಇದೆಂಥದ್ರೀ?" ಎಂದಳು ಇವಳು.

"ಗಿಟಾರು."

ಅವಳು ಪೆಟ್ಟಿಗೆಯನ್ನು ಎತ್ತಿ ಒಮ್ಮೆ ಅಲ್ಲಾಡಿಸಿದಳು. ಒಳಗೆ ಗಲಗಲ ಸದ್ದಾಯಿತು. "ಒಡೆದು ಹೋಗಿದೆ, ವಾಪಸ್ ಕಳ್ಸಿ."

"ಒಡೆದಿಲ್ಲ ಮಾರಾಯ್ತಿ, ಜೋಡಿಸಿಲ್ಲ. ನಾವೇ ಜೋಡಿಸ್ಕೋಬೇಕು."

"ಮಿಕ್ಸಿ ಕೆಟ್ಟು ತಿಂಗಳಾಯ್ತು. ಜೋಡಿಸಿರೋದನ್ನೇ ರಿಪೇರಿ ಮಾಡಕ್ಕಾಗಿಲ್ಲ ನಿಮಗೆ. ದುಡ್ಡು ಕೊಟ್ಟು ಬಿಚ್ಚಿರೋದನ್ನ ಬೇರೆ ತರ್ಸಿದ್ರಾ?"

ಒಂಬತ್ತು ಸಾವಿರ ರೂಪಾಯಿ ಎಂದು ಆ ದಿನ ನಾನು ಹೇಳಲಿಲ್ಲ. ಬ್ಯಾಂಕಿನವರಿಗೆ ಯಾವ ಅಂಕಿಯನ್ನು ಯಾವಾಗ ಬಹಿರಂಗಪಡಿಸಬೇಕೆಂಬುದು ತಿಳಿದಿರುತ್ತದೆ.

ಗಿಟಾರು ಎಂದರೆ ನಿಮ್ಮ ಕಣ್ಣ ಮುಂದೆ ಬರುವುದು ಹಿಂದಿ ಸಿನೆಮಾದ ನಾಯಕ ಕುತ್ತಿಗೆಗೆ ನೇತುಹಾಕಿಕೊಂಡ ಹೊಟ್ಟೆ ಟೊಳ್ಳಾದ ವಾದ್ಯ ಇರಬೇಕು. ಎಲೆಕ್ಟ್ರಿಕ್ ಗಿಟಾರಿಗೆ ಆ ಹೊಟ್ಟೆಯಿಲ್ಲ. ಅದೊಂದು ಒಂದೂಮುಕ್ಕಾಲು ಇಂಚು ದಪ್ಪದ ಗಟ್ಟಿ ಹಲಗೆ ಅಷ್ಟೇ. ಪೆಟ್ಟಿಗೆಯೊಳಗೆ ಬಣ್ಣವಿಲ್ಲದ ಆ ಹಲಗೆ, ಬೇರೆಯೇ ಕಟ್ಟಿಟ್ಟ ಕತ್ತು, ಕತ್ತನ್ನು ಮೈಗೆ ಬಿಗಿಯಲು ನಾಲ್ಕು ಉದ್ದನೆಯ ಸ್ಕ್ರೂ, ಆರು ಬಿರಡೆ, ಆರು ತಂತಿ, ಒಂದು ಸ್ಪ್ರಿಂಗುಗಳ ಗೊಂಚಲು, ಕೆಂಪು-ಕಪ್ಪು ವೈರುಗಳು ಇದ್ದವು. ಜೊತೆಗೆ ಪ್ಲಾಸ್ಟಿಕ್ ತಟ್ಟೆಯಲ್ಲಿ ಮೂರು ಪಿಕಪ್ಪುಗಳು. ಪಿಕಪ್ ಎಂದರೆ ಆರು ಪುಟ್ಟ ಅಯಸ್ಕಾಂತದ ಕಡ್ಡಿಗಳ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದು. ಮೇಲಿನ ಉಕ್ಕಿನ ತಂತಿ ಕಂಪಿಸಿದರೆ ಆಯಸ್ಕಾಂತ ಕ್ಷೇತ್ರ ಅಲುಗಿ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫಯರು ದೊಡ್ಡದು ಮಾಡುತ್ತದೆ. ಫ್ಯಾರಡೇ ಸಾಹೇಬರ ಪಾಠವನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಕಾಮರ್ಸಿಗೆ ಓಡಿಹೋದವನು ನಾನು. ನೈಲಾನ್ ತಂತಿ ಕಟ್ಟಿದರೆ ಇದು ಮೂಕ ಎಂಬುದು ಗೊತ್ತಾದದ್ದು ಅರವತ್ತೆರಡರಲ್ಲಿ.

ಇಷ್ಟೆಲ್ಲ ಯಾಕೆ ಬೇಕಿತ್ತು? ನಿವೃತ್ತಿಯ ಹವ್ಯಾಸ ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ. ಅದು ಅರ್ಧ ಸುಳ್ಳು.

ನಮ್ಮ ಮಗ ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದಾಗ, 2005ರಲ್ಲಿ, ಧೋಬಿತಲಾವಿಗೆ ಹೋಗಿ ಅವನಿಗೊಂದು ಸಾಧಾರಣ ಗಿಟಾರು ಕೊಡಿಸಿದ್ದೆ. ಟೊಳ್ಳು ಹೊಟ್ಟೆಯದ್ದೇ. ಒಂದು ಕೋಣೆ, ಒಂದು ಹಾಲು, ಒಂದು ಅಡುಗೆಮನೆಯ ಫ್ಲ್ಯಾಟು ನಮ್ಮದು. ಅವನು ಗ್ಯಾಲರಿಯಲ್ಲಿ ಕೂತು ಬಾರಿಸುವುದು ಅಡುಗೆಮನೆಯ ಕುಕ್ಕರಿನವರೆಗೂ ಕೇಳುತ್ತಿತ್ತು. ಹನ್ನೆರಡನೆಯ ತರಗತಿ ಮುಗಿದ ಮೇಲೆ ಎಲೆಕ್ಟ್ರಿಕ್ ಗಿಟಾರು ಕೊಡಿಸ್ತೀಯಾ ಎಂದು ಕೇಳಿದ್ದ. ತೊಂಬತ್ತು ಪರ್ಸೆಂಟು ಬಂದರೆ ನೋಡೋಣ ಎಂದಿದ್ದೆ. 2007ರ ಜನವರಿಯ ಪ್ರಿಲಿಮ್ಸ್‌ನಲ್ಲಿ ಫಿಸಿಕ್ಸು, ಗಣಿತ ಎರಡರಲ್ಲೂ ಫೇಲಾದ. ಆಗ ನಮ್ಮ ಶಾಖೆಗೆ ಇನ್‌ಸ್ಪೆಕ್ಷನ್ ನಡೆಯುತ್ತಿತ್ತು. ನಾನು ರಾತ್ರಿ ಹತ್ತಕ್ಕೆ ಮೊದಲು ಮನೆಗೆ ಬಂದವನಲ್ಲ. ಆ ಭಾನುವಾರ ಕೆಳಗೆ ಭಂಗಾರ್‌ವಾಲಾ ಕೂಗಿಕೊಂಡು ಬಂದ. ಹಳೆ ಪೇಪರು, ಒಂದು ತುಕ್ಕು ಹಿಡಿದ ಟೇಬಲ್ ಫ್ಯಾನು, ಅವುಗಳ ಜೊತೆಗೆ ಗೋಡೆಯ ಮೊಳೆಯಿಂದ ಗಿಟಾರನ್ನೂ ಇಳಿಸಿ ಕೊಟ್ಟುಬಿಟ್ಟೆ. ಗಿಟಾರಿಗೆ 150 ರೂಪಾಯಿ ಕೊಟ್ಟ.

ಮಗ ಟ್ಯೂಷನ್ನಿಗೆ ಹೋಗಿದ್ದವನು ಬಂದ. ಮೊಳೆಯನ್ನು ನೋಡಿದ. ನನ್ನನ್ನು ನೋಡಲಿಲ್ಲ. ಕೈತೊಳೆದುಕೊಂಡು ಊಟಕ್ಕೆ ಕೂತ. ಅಷ್ಟೇ. ಮುಂದೆ ಒಳ್ಳೆಯ ಅಂಕ ತೆಗೆದು ಪಾಸಾದ, ಇಂಜಿನಿಯರಿಂಗ್ ಓದಿದ, ಪುಣೆಯಲ್ಲಿ ಕೆಲಸ ಮಾಡಿ 2014ರಲ್ಲಿ ಬೆಂಗಳೂರಿಗೆ ಹೋದ, ಮದುವೆಯಾದ, ನಮಗೊಬ್ಬಳು ಮೊಮ್ಮಗಳು. ಯಾವತ್ತೂ ಆ ಮಾತು ಎತ್ತಲಿಲ್ಲ, ಯಾವ ವಾದ್ಯವನ್ನೂ ಮುಟ್ಟಲಿಲ್ಲ. ಅಂದೇ ಜಗಳವಾಡಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತೋ ಏನೋ. ಇದು ಸಸ್ಪೆನ್ಸ್ ಅಕೌಂಟಿನಲ್ಲಿ ಹಾಗೇ ಉಳಿಯಿತು. ಎಲ್ಲಿಗೆ ಜಮಾ, ಎಲ್ಲಿಗೆ ಖರ್ಚು ಎಂದು ತಿಳಿಯದ ಮೊತ್ತವನ್ನು ಇಡುವ ಖಾತೆ ಅದು. ಒಳ್ಳೆಯ ಮ್ಯಾನೇಜರು ಅದನ್ನು ವರ್ಷ ಮುಗಿಯುವುದರೊಳಗೆ ತೆರವು ಮಾಡುತ್ತಾನೆ.

ಊರಿನಲ್ಲಿರುವ ನಿಮಗೆ ಇದು ಕಟುಕತನ ಎನ್ನಿಸಬಹುದು. ನನ್ನ ಪರವಾಗಿ ಒಂದೇ ಮಾತು ಹೇಳುತ್ತೇನೆ. ಕೊಪ್ಪದ ಹತ್ತಿರದ ನಮ್ಮ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು, ಒಂದೂವರೆ ಎಕರೆ ಅಡಿಕೆ ತೋಟ. ಮಾನಸಗಂಗೋತ್ರಿಯಲ್ಲಿ ಎಂ.ಕಾಂ. ಮುಗಿಸಿ 1984ರಲ್ಲಿ ಮುಂಬಯಿಯ ಬಸ್ಸು ಹತ್ತಿದಾಗ ನನ್ನ ಪಾಲನ್ನು ಬಾಯಿಮಾತಿನಲ್ಲೇ ಬಿಟ್ಟುಕೊಟ್ಟು ಬಂದಿದ್ದೆ. ಊರಿನಲ್ಲಿ ಫೇಲಾದ ಹುಡುಗನಿಗೆ ತೋಟ ಇರುತ್ತದೆ, ದೊಡ್ಡಪ್ಪನ ಅಂಗಡಿ ಇರುತ್ತದೆ, ಏನೂ ಇಲ್ಲದಿದ್ದರೆ ಜಗಲಿಯಾದರೂ ಇರುತ್ತದೆ. ಡೊಂಬಿವಲಿಯಲ್ಲಿ ಫೇಲಾದವನಿಗೆ ಸ್ಟೇಷನ್ನಿನ ಪ್ಲಾಟ್‌ಫಾರ್ಮು ಮಾತ್ರ. ನಮ್ಮಂತಹ ಹೊರನಾಡಿನವರ ಆಸ್ತಿಯೆಲ್ಲ ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿರುತ್ತಿತ್ತು: ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ಫ್ಲ್ಯಾಟಿನ ಸಾಲದ ಕಾಗದ. ಹೆದರಿಕೆಯಲ್ಲಿ ಮನುಷ್ಯ ಏನನ್ನು ಮೊದಲು ಎಸೆಯುತ್ತಾನೆ ಎಂಬುದು ಆಮೇಲೆ ಗೊತ್ತಾಗುತ್ತದೆ.

2022ರಲ್ಲಿ ಗೋಡೆಗೆ ಬಣ್ಣ ಹೊಡೆಸಲು ಕಪಾಟು ಸರಿಸಿದೆವು. ಮಗನ ಬಟ್ಟೆಯ ಖಾನೆಯ ಬಾಗಿಲಿನ ಒಳಬದಿಯಲ್ಲಿ, ಸೆಲೋಟೇಪು ಹಳದಿಯಾಗಿ, ಪೇಪರಿನಿಂದ ಕತ್ತರಿಸಿದ ಒಂದು ಕೆಂಪು ಎಲೆಕ್ಟ್ರಿಕ್ ಗಿಟಾರಿನ ಚಿತ್ರ. ಕೆಳಗೆ ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ ‘ಆಫ್ಟರ್ ಟ್ವೆಲ್ತ್’ ಎಂದು ಬರೆದಿತ್ತು. ಬಣ್ಣದವನು ಅದನ್ನು ಕೆರೆದು ತೆಗೆಯಲೇ ಎಂದು ಕೇಳಿದ. ಬೇಡ ಎಂದೆ.

ತಯಾರಾದದ್ದನ್ನೇ ಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಅದು ಚೆಕ್ಕು ಬರೆದ ಹಾಗೆ. ಚೆಕ್ಕು ಬರೆದೇ ಬಂದವನು ನಾನು. ಈ ಒಂದು ಸಲ ಬೇರೆ ಏನಾದರೂ ಮಾಡಬೇಕೆನ್ನಿಸಿತು.

ಕೆಲಸ ಶುರುವಾದದ್ದು ಗ್ಯಾಲರಿಯಲ್ಲೇ. ಪಾಲಿಶ್ ಪೇಪರಿನಲ್ಲಿ ಮೊದಲು 120 ನಂಬರು, ಆಮೇಲೆ 240, ಕೊನೆಗೆ 400. ನಾರಿನ ದಿಕ್ಕಿನಲ್ಲೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ನಾಲ್ಕು ದಿನ ಉಜ್ಜಿದೆ. ಧೂಳು ಕೆಳಗಿನ ಮನೆಯವರ ಒಣಹಾಕಿದ ಸೀರೆಯ ಮೇಲೆ ಇಳಿದು ಸೆಕ್ರೆಟರಿಯವರೆಗೂ ದೂರು ಹೋಯಿತು. ಚಿತ್ರದಲ್ಲಿದ್ದಂತೆ ಕೆಂಪು ಬಣ್ಣ ಸ್ಪ್ರೇ ಮಾಡುವ ಆಸೆಯನ್ನು ಅಲ್ಲಿಗೇ ಬಿಟ್ಟೆ. ನಾಲ್ಕನೇ ಮಾಳಿಗೆಯಲ್ಲಿ ಕೆಲಸ ಮಾಡುತ್ತಿದ್ದ ಉತ್ತರ ಪ್ರದೇಶದ ಬಡಗಿಯೊಬ್ಬ ಲಿಫ್ಟಿನಲ್ಲಿ ನನ್ನ ಕೈಯ ಹಲಗೆ ನೋಡಿ, ಇದಕ್ಕೆ ಚಪ್ಡಾ ಪಾಲಿಶ್ ಮಾಡಿ ಬಾಬೂಜಿ ಎಂದ. ಚಪ್ಡಾ ಎಂದರೆ ಅರಗು. ನಮ್ಮ ಚನ್ನಪಟ್ಟಣದ ಗೊಂಬೆಗಳ ಮೇಲೆ ಹೊಳೆಯುವುದು ಇದೇ ಅರಗು. ಅದರ ತೆಳ್ಳನೆಯ ಚಕ್ಕೆಗಳನ್ನು ಸ್ಪಿರಿಟಿನಲ್ಲಿ ರಾತ್ರಿಯಿಡೀ ನೆನೆಸಿ, ಹತ್ತಿಯನ್ನು ಬಟ್ಟೆಯಲ್ಲಿ ಉಂಡೆ ಕಟ್ಟಿ ಅದ್ದಿ, ಸುತ್ತು ಸುತ್ತಾಗಿ ಒರೆಸಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಹತ್ತಾರು ಪದರವಾದ ಮೇಲೆ ಮರ ಒಳಗಿನಿಂದ ಬೆಳಗಿದ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ಮಾಡಿದರೆ ತೇವ ಹಿಡಿದು ಬೆಳ್ಳಗಾಗುತ್ತದೆಯಂತೆ. ನನ್ನ ಪುಣ್ಯ, ನವೆಂಬರು. "ಪಾಂಡವರಿಗೆ ಅರಗಿನ ಮನೆ, ನಿಮಗೆ ಅರಗಿನ ಗಿಟಾರು, ಗ್ಯಾಸ್ ಹತ್ರ ತರಬೇಡಿ" ಎಂದಳು ಇವಳು.

ಕತ್ತಿನ ಮೇಲೆ ಬೆರಳಾಡುವ ಪಟ್ಟಿ ಮಾತ್ರ ಬೇರೆ ಮರದ್ದು. ಪಟ್ಟಿಯ ಚೀಟಿಯಲ್ಲಿ ರೋಸ್‌ವುಡ್ ಎಂದು ಬರೆದಿತ್ತು. ರೋಸ್‌ವುಡ್ ಎಂದರೆ ನಮ್ಮ ಬೀಟೆ! ಸಸ್ಯಶಾಸ್ತ್ರದವರು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ ಎನ್ನುವ ನಮ್ಮ ಪಶ್ಚಿಮ ಘಟ್ಟದ ಈ ಮರವನ್ನು ಜಗತ್ತಿನ ಗಿಟಾರು ಮಾಡುವವರು ಹುಡುಕಿಕೊಂಡು ಕೊಳ್ಳುತ್ತಾರೆ ಎಂದು ನನಗೆ ಕೊಪ್ಪದಲ್ಲಿ ಇಪ್ಪತ್ತು ವರ್ಷ ಇದ್ದಾಗ ಯಾರೂ ಹೇಳಿರಲಿಲ್ಲ. ನಮಗೆ ಬೀಟೆ ಎಂದರೆ ಮನೆಯ ಹಿಂದೆ ನಿಂತಿದ್ದರೂ ನಮ್ಮದಲ್ಲದ ಮರ; ಕೊಡಲಿ ಹಚ್ಚಬೇಕಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. 2017ರಲ್ಲಿ ಇಡೀ ಡಾಲ್ಬರ್ಜಿಯಾ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಂದು ವಾದ್ಯ ತಯಾರಕರೆಲ್ಲ ತಲೆಮೇಲೆ ಕೈಹೊತ್ತರು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಒಣಗಿ ಬೂದುಬಣ್ಣಕ್ಕೆ ತಿರುಗಿದ್ದ ಆ ಪಟ್ಟಿಗೆ ಎರಡು ಹನಿ ಎಣ್ಣೆ ಒರೆಸಿದೆ. ಅಜ್ಜನ ಆರಾಮ ಕುರ್ಚಿಯ ಕೈಯ ಬಣ್ಣ ಬಂತು. ಬಾಲ್ಯದಲ್ಲಿ ಆ ಕುರ್ಚಿಯ ಕೈಯನ್ನು ನೆಕ್ಕಿ ಬೈಸಿಕೊಂಡಿದ್ದು ನೆನಪಾಯಿತು. ಇಲ್ಲಿ ನೆಕ್ಕಲಿಲ್ಲ, ಮೂಸಿ ನೋಡಿದೆ.

ಈಗ ನನ್ನ ಎಂ.ಕಾಂ. ಕೆಲಸಕ್ಕೆ ಬಂದ ಕತೆ. ಆ ಪಟ್ಟಿಯ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಗೆರೆಗಳಿಗೆ ಫ್ರೆಟ್ ಎನ್ನುತ್ತಾರೆ. ವೀಣೆಯ ಮೆಟ್ಟಿಲುಗಳ ಹಾಗೆ. ವೀಣೆಯಲ್ಲಿ ಇಪ್ಪತ್ನಾಲ್ಕು ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ, ಕಿವಿ ಹೇಳಿದಂತೆ. ಇಲ್ಲಿ ಲೆಕ್ಕ ಹೇಳಿದಂತೆ. ಮೇಲಿನ ತುದಿಯಿಂದ ಕೆಳಗಿನ ಸೇತುವೆಯವರೆಗೆ ತಂತಿಯ ಉದ್ದ 648 ಮಿಲಿಮೀಟರು. ಮೊದಲ ಫ್ರೆಟ್ಟು 36.4 ಮಿಲಿಮೀಟರಿನಲ್ಲಿ. ಎರಡನೆಯದು ಇನ್ನೊಂದು 34.3 ದಾಟಿದ ಮೇಲೆ. ಕೆಳಗಿಳಿದಂತೆ ಅಂತರ ಕಿರಿದಾಗುತ್ತಾ ಹೋಗುತ್ತದೆ. ಒಂದು ರಾತ್ರಿ ಸ್ಕೇಲು ಹಿಡಿದು ಎಲ್ಲವನ್ನೂ ಅಳೆದು ಹಳೆಯ ಡೈರಿಯಲ್ಲಿ ಬರೆದುಕೊಂಡು ನೋಡುತ್ತಿದ್ದೆ. ಈ ಇಳಿಜಾರನ್ನು ಎಲ್ಲೋ ನೋಡಿದ್ದೇನಲ್ಲ! ಕ್ಯಾಲ್ಕುಲೇಟರು ಒತ್ತಿದೆ. ಪ್ರತಿಸಲ ಉಳಿದ ಉದ್ದದ ಶೇಕಡಾ 5.61. ಅಯ್ಯೋ ದೇವರೇ, ಇದು ನಮ್ಮ ಸವಕಳಿಯ ಲೆಕ್ಕ! ಯಂತ್ರದ ಬೆಲೆಯನ್ನು ವರ್ಷವರ್ಷವೂ ಉಳಿದ ಬೆಲೆಯ ಮೇಲೆ ಇಷ್ಟು ಪರ್ಸೆಂಟು ಎಂದು ಇಳಿಸುತ್ತೇವಲ್ಲ, ರಿಟನ್ ಡೌನ್ ವ್ಯಾಲ್ಯೂ, ಅದೇ. ಹನ್ನೆರಡು ಫ್ರೆಟ್ಟು ಆಗುವಷ್ಟರಲ್ಲಿ 648 ಸರಿಯಾಗಿ 324 ಆಗಿರುತ್ತದೆ, ಅರ್ಧ.

ತಿರುಗಿಸಿ ನೋಡಿದರೆ ಚಕ್ರಬಡ್ಡಿ. ತಂತಿ ಕಿರಿದಾದಂತೆ ಸ್ವರ ಏರುತ್ತದೆ. ಸೆಕೆಂಡಿಗೆ 110 ಸಲ ಕಂಪಿಸುವ ತಂತಿ ಮೊದಲ ಫ್ರೆಟ್ಟಿನಲ್ಲಿ 116.54, ಎರಡನೆಯದರಲ್ಲಿ 123.47, ಹೀಗೆ ಪ್ರತಿ ಮನೆಗೂ ಶೇಕಡಾ 5.946 ಬಡ್ಡಿ ಬಿದ್ದು ಹನ್ನೆರಡನೆಯದರಲ್ಲಿ 220. ಅಸಲು ದ್ವಿಗುಣ. ಷಡ್ಜದಿಂದ ತಾರ ಷಡ್ಜಕ್ಕೆ ಬಂದೆವು. ಹಣ ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಎಂದು ಕೌಂಟರಿನಲ್ಲಿ ಕೇಳಿದವರಿಗೆ 72ನ್ನು ಬಡ್ಡಿದರದಿಂದ ಭಾಗಿಸಿ ಎಂದು ಮೂವತ್ತಾರು ವರ್ಷ ಹೇಳಿಕೊಂಡು ಬಂದವನು ನಾನು. ಆರು ಪರ್ಸೆಂಟಿಗೆ ಹನ್ನೆರಡು ವರ್ಷ. ಅದೇ ಗಣಿತ ನಮ್ಮ ಗ್ಯಾಲರಿಯಲ್ಲಿ ಮಗನ ಬೆರಳಿನ ಕೆಳಗೆ ಎರಡು ವರ್ಷ ಇತ್ತು, ಮತ್ತು ಅವನು ಗಣಿತದಲ್ಲಿ ಫೇಲಾದನೆಂದು ನಾನದನ್ನು ಮಾರಿದೆ. ಆ ರಾತ್ರಿ ಸುಮಾರು ಹೊತ್ತು ನಿದ್ದೆ ಬರಲಿಲ್ಲ.

ಜೋಡಣೆಯ ಪಾಡು ಕೇಳಬೇಡಿ. ಕತ್ತನ್ನು ಬಿಗಿದು ತಂತಿ ಕಟ್ಟಿದರೆ ಅತಿ ತೆಳ್ಳನೆಯ ತಂತಿ ಪಟ್ಟಿಯ ಅಂಚಿನಿಂದ ಜಾರಿ ಬೀಳುತ್ತಿತ್ತು. ಕತ್ತು ಕೂದಲೆಳೆಯಷ್ಟು ವಾಲಿತ್ತು. ನಾಲ್ಕೂ ಸ್ಕ್ರೂಗಳನ್ನು ಸ್ವಲ್ಪ ಸಡಿಲಿಸಿ, ಮಗುವಿನ ಕತ್ತು ನೇರ ಮಾಡುವ ಹಾಗೆ ಎಳೆದು ಹಿಡಿದು ಮತ್ತೆ ಬಿಗಿದೆ. ಆರು ತಂತಿಗಳ ಎಳೆತ ಸೇರಿ ಹತ್ತಿರ ಹತ್ತಿರ 40 ಕಿಲೋ. ಅಷ್ಟು ಭಾರಕ್ಕೆ ಕತ್ತು ಬಾಗಬಾರದೆಂದು ಅದರೊಳಗೆ ಉಕ್ಕಿನ ಸಲಾಕೆ ಇರುತ್ತದೆ, ಆಲನ್ ಕೀ ಹಾಕಿ ತಿರುಗಿಸಿದರೆ ಬಾಗು ಕಮ್ಮಿಯಾಗುತ್ತದೆ. ಆಮೇಲೆ ಶ್ರುತಿ ತಾಳೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ಬೆರಳನ್ನು ಸುಮ್ಮನೆ ತಾಗಿಸಿ ಮೀಟಿದರೆ ಬರುವ ಸ್ವರ, ಒತ್ತಿ ಹಿಡಿದು ಮೀಟಿದರೆ ಬರುವ ಸ್ವರ ಎರಡೂ ಒಂದೇ ಆಗಬೇಕು. ಒತ್ತಿದ್ದು ಏರಿದ್ದರೆ ಸೇತುವೆಯ ಪುಟ್ಟ ತುಂಡನ್ನು ಸ್ಕ್ರೂ ತಿರುಗಿಸಿ ಹಿಂದೆ ಸರಿಸಬೇಕು. ನಮ್ಮ ಪುಸ್ತಕಕ್ಕೂ ಇನ್ನೊಂದು ಬ್ಯಾಂಕಿನ ಪುಸ್ತಕಕ್ಕೂ ತಾಳೆ ನೋಡುವ ರೀಕನ್ಸಿಲಿಯೇಶನ್ ಇದ್ದ ಹಾಗೆ. ಇದರಲ್ಲಿ ಮಾತ್ರ ನಾನು ಯಾರಿಗೂ ಕಮ್ಮಿಯಲ್ಲ. ಒಂದೇ ಸಂಜೆ ಆರೂ ತಂತಿ ಟ್ಯಾಲಿ.

ಬೆಸುಗೆಯಲ್ಲಿ ಸೋತೆ. ಲ್ಯಾಮಿಂಗ್ಟನ್ ರಸ್ತೆಯಿಂದ 25 ವಾಟಿನ ಸೋಲ್ಡರಿಂಗ್ ಕಡ್ಡಿ, ಸೀಸದ ತಂತಿ ತಂದು, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಇಟ್ಟುಕೊಂಡು ಕೂತೆ. ಹೆಬ್ಬೆರಳು ಎರಡು ಸಲ ಸುಟ್ಟುಕೊಂಡೆ. ಕೊನೆಗೆ ಹತ್ತು ವಾಟಿನ ಪುಟ್ಟ ಆಂಪ್ಲಿಫಯರಿಗೆ ಸಿಕ್ಕಿಸಿದರೆ ಸ್ವರ ಬಂತು, ಅದರ ಹಿಂದೆಯೇ ಹಲಸಿನ ಮರದಲ್ಲಿ ಹೆಜ್ಜೇನು ಎದ್ದ ಹಾಗೆ ಗುಂಯ್ ಎಂಬ ಸದ್ದೂ ಬಂತು. ಎಲ್ಲ ಬೆಸುಗೆಯನ್ನೂ ಎರಡೆರಡು ಸಲ ನೋಡಿದೆ. ಹೋಗಲಿಲ್ಲ. ಅದು ಎಲೆಕ್ಟ್ರಿಕ್ ಗಿಟಾರಿನ ಸ್ವಭಾವವೇ ಇರಬೇಕೆಂದು ಸಮಾಧಾನ ಮಾಡಿಕೊಂಡೆ.

ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟವನು ಲಿಯೊ ಫೆಂಡರ್ ಎಂಬ ಅಮೆರಿಕದವನು. ನನ್ನ ಪೆಟ್ಟಿಗೆಯಲ್ಲಿದ್ದ ಮಾದರಿಯನ್ನು 1954ರಲ್ಲಿ ಜಗತ್ತಿಗೆ ಕೊಟ್ಟ ಕಂಪನಿ ಇವನದು. ಮನುಷ್ಯ ಕಾಲೇಜಿನಲ್ಲಿ ಓದಿದ್ದು ಅಕೌಂಟೆನ್ಸಿ! ಲೆಕ್ಕ ಬರೆಯುವ ಕೆಲಸ ಕೈಬಿಟ್ಟುಹೋದ ಮೇಲೆ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆಗೆದ. ಕತ್ತನ್ನು ಅಂಟಿಸದೆ ಸ್ಕ್ರೂ ಹಾಕಿ ಬಿಗಿಯುವುದೂ, ಕೆಟ್ಟ ಭಾಗವನ್ನು ಬಿಚ್ಚಿ ಬದಲಾಯಿಸುವುದೂ ರಿಪೇರಿಯವನ ಬುದ್ಧಿಯೇ. ಇಷ್ಟಾಗಿ ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಇದನ್ನು ಇವಳಿಗೆ ಹೇಳಿದೆ. "ನಿಮಗೂ ಬರಲ್ಲ. ಅಲ್ಲಿಗೆ ಸಮ ಆಯ್ತು" ಎಂದಳು.

ಅದಕ್ಕೇ ಫಡಕೆ ರಸ್ತೆಯ ಕಡೆ ಒಂದು ಕ್ಲಾಸಿಗೆ ಸೇರಿದೆ. ಗುರುವಿಗೆ ಇಪ್ಪತ್ನಾಲ್ಕು ವರ್ಷ, ಸಹಪಾಠಿಗಳಿಗೆ ಹನ್ನೊಂದು. ಗುರು ನನ್ನನ್ನು ಕಾಕಾ ಎನ್ನುತ್ತಾನೆ. "ಕಾಕಾ, ಖಾಂದಾ ಸೈಲ್ ಸೋಡಾ," ಹೆಗಲು ಸಡಿಲ ಬಿಡಿ ಎಂದು ಪ್ರತಿ ಐದು ನಿಮಿಷಕ್ಕೊಮ್ಮೆ ಹೇಳುತ್ತಾನೆ. ನೋಟು ಎಣಿಸಿದ ಬೆರಳುಗಳಿವು, ತೋರುಬೆರಳು ಹೆಬ್ಬೆರಳು ಚುರುಕು. ಉಂಗುರ ಬೆರಳು ಮಾತ್ರ ಸರ್ಕಾರಿ ಕಚೇರಿಯ ಹಾಗೆ, ಅರ್ಜಿ ಕೊಟ್ಟ ಎಷ್ಟೋ ಹೊತ್ತಿಗೆ ಏಳುತ್ತದೆ. ಮೊದಲ ತಿಂಗಳು ಎಡಗೈಯ ನಾಲ್ಕು ಬೆರಳ ತುದಿಯೂ ಉರಿದವು. ಬಿಸಿ ಲೋಟ ಹಿಡಿಯಲಾಗದೆ ಕಾಫಿಯನ್ನು ಬಲಗೈಯಲ್ಲಿ ಕುಡಿದೆ. ನೀರುಗುಳ್ಳೆ ಎದ್ದು, ಒಡೆದು, ಚರ್ಮ ಗಟ್ಟಿಯಾಗಲು ಎರಡು ತಿಂಗಳು ಬೇಕಾಯಿತು. ಹದಿನೈದು ವರ್ಷದ ಮಗನ ಬೆರಳೂ ಹೀಗೇ ಉರಿದಿರಬೇಕಲ್ಲ. ಅವನು ಊಟದ ಹೊತ್ತಿನಲ್ಲಿ ಬೆರಳ ತುದಿಗಳನ್ನು ತಣ್ಣನೆಯ ಸ್ಟೀಲ್ ಲೋಟಕ್ಕೆ ಒತ್ತಿಕೊಂಡು ಕೂರುತ್ತಿದ್ದ. ಆಟ ಆಡ್ಬೇಡ, ಊಟ ಮಾಡು ಎಂದು ಗದರಿದ್ದೆ.

ಕ್ಲಾಸಿನಲ್ಲಿ ಇಂಗ್ಲಿಷ್ ಹಾಡುಗಳ ಪಾಠ. ಮನೆಗೆ ಬಂದು ನನ್ನದೇ ಪಾಠ. ಊರಿನಲ್ಲಿ ಅಕ್ಕನಿಗೆ ಹಾರ್ಮೋನಿಯಮ್ಮಿನಲ್ಲಿ ಸರಳೆ ವರಸೆ ಹೇಳಿಕೊಡಲು ಮೇಷ್ಟ್ರು ಬರುತ್ತಿದ್ದರು; ಬಾಗಿಲ ಹೊರಗೆ ಕೂತು ಕೇಳಿದ ಮಾಯಾಮಾಳವಗೌಳ ಕಿವಿಯಲ್ಲಿ ಇನ್ನೂ ಇತ್ತು. ಒಂದೇ ತಂತಿಯ ಮೇಲೆ ಹುಡುಕಿದೆ. ಬಿಟ್ಟ ತಂತಿ ಷಡ್ಜವಾದರೆ ರಿಷಭ ಒಂದನೇ ಫ್ರೆಟ್ಟು, ಗಾಂಧಾರ ನಾಲ್ಕು, ಮಧ್ಯಮ ಐದು, ಪಂಚಮ ಏಳು, ಧೈವತ ಎಂಟು, ನಿಷಾದ ಹನ್ನೊಂದು, ಹನ್ನೆರಡಕ್ಕೆ ಮೇಲಿನ ಷಡ್ಜ. ಗಮಕ ನನ್ನ ಕೈಗೆ ಬರುವುದಿಲ್ಲ. ತಂತಿಯನ್ನು ಅಡ್ಡಕ್ಕೆ ಎಳೆದು ತರಬಹುದು, ಆರ್. ಪ್ರಸನ್ನ ಎಂಬವರು ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತದ ಕಚೇರಿಯನ್ನೇ ಮಾಡುತ್ತಾರೆ. ನನಗೆ ಸರಳೆ ಸಾಕು. ಮೀಟಲು ಸರಿಯಾದ ಬಿಲ್ಲೆ ಇಲ್ಲದೆ ಹಳೆಯ ಎ.ಟಿ.ಎಂ. ಕಾರ್ಡನ್ನು ತ್ರಿಕೋನ ಕತ್ತರಿಸಿ ಬಾರಿಸುತ್ತಿದ್ದೆ. ಒಂದು ದಿನ ಇವಳು ಸೂಜಿದಾರದ ಡಬ್ಬಿ ತೆಗೆದು, ತಳದಲ್ಲಿದ್ದ ಗುಂಡಿಗಳ ಅಡಿಯಿಂದ ಒಂದು ನೀಲಿ ಪ್ಲೆಕ್ಟ್ರಮ್ ಎತ್ತಿ ನನ್ನ ಮುಂದಿಟ್ಟಳು. ಒಂದು ಅಂಚು ಸವೆದಿತ್ತು.

"ಅವತ್ತು ಅವನ ಪ್ಯಾಂಟಿನ ಜೇಬಲ್ಲಿ ಸಿಕ್ತು, ಒಗೆಯಕ್ಕೆ ಹಾಕುವಾಗ" ಎಂದಳು. ಹದಿನಾರು ವರ್ಷ ಅವಳು ಅದನ್ನು ಇಟ್ಟುಕೊಂಡಿದ್ದಳು. ಅವತ್ತೂ ಏನೂ ಹೇಳಿರಲಿಲ್ಲ, ಈಗಲೂ ಅಷ್ಟೇ ಹೇಳಿ ಒಳಗೆ ಹೋದಳು.

ಮಗನಿಗೆ ಮಾತ್ರ ನಾನು ಹೇಳಿರಲಿಲ್ಲ. ವಿಡಿಯೋ ಕಾಲ್ ಬಂದರೆ ಗ್ಯಾಲರಿಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಇನ್ನೂ ಸ್ವಲ್ಪ ಚೆನ್ನಾಗಿ ಬಾರಿಸಲು ಬರಲಿ ಎಂದು ಒಂದು ನೆಪ, ಗುಂಯ್ ಸದ್ದು ಹೋಗಲಿ ಎಂದು ಇನ್ನೊಂದು. ಹೀಗೇ ಎರಡು ವರ್ಷ ಹೋಯಿತು. 2024ರ ಗಣೇಶ ಚೌತಿಗೆ ಅವರೆಲ್ಲ ಬೆಂಗಳೂರಿನಿಂದ ಬಂದರು. ತಮಾಷೆ ನೋಡಿ, ಡೊಂಬಿವಲಿಯಲ್ಲಿ ಹುಟ್ಟಿದವನು ಕರ್ನಾಟಕಕ್ಕೆ ವಾಪಸಾಗಿದ್ದಾನೆ, ಕೊಪ್ಪದವನು ನಾನು ಹೊರನಾಡಿಗನಾಗಿ ಇಲ್ಲೇ ಇದ್ದೇನೆ. ಗಿಟಾರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಕಪಾಟಿನ ಹಿಂದೆ ನಿಲ್ಲಿಸಿದ್ದೆ. ಮೊಮ್ಮಗಳಿಗೆ ಐದು ವರ್ಷ. ಕಣ್ಣುಮುಚ್ಚಾಲೆ ಆಡುವಾಗ ಅವಳು ಅಡಗಿದ್ದು ಅಲ್ಲೇ.

"ಅಪ್ಪಾ, ಅಜ್ಜನ ಹತ್ರ ಗಿಟಾರ್ ಇದೆ!"

ಮಗ ಬೆಡ್‌ಶೀಟು ಬಿಚ್ಚಿದ. ತಿರುಗಿಸಿ ಹಿಂದೆ ಮುಂದೆ ನೋಡಿದ. ಯಾರದ್ದು ಎಂದು ಕೇಳಲಿಲ್ಲ. ಗೂಡಿನೊಳಗೆ ಬೆರಳು ಹಾಕಿ, "ನೀನೇ ಮಾಡಿದ್ಯಾ? ಪಾಲಿಶ್ ಚೆನ್ನಾಗ್ ಬಂದಿದೆ" ಎಂದ. ಆಂಪ್ಲಿಫಯರಿಗೆ ಸಿಕ್ಕಿಸಿದ. ಹೆಜ್ಜೇನು ಎದ್ದಿತು. ತಂತಿಗಳ ಮೇಲೆ ಅಂಗೈ ಇಟ್ಟು ನೋಡಿದ, ತೆಗೆದು ನೋಡಿದ.

"ಬ್ರಿಡ್ಜಿಗೆ ಅರ್ತ್ ಸರಿಯಾಗಿ ಕೊಟ್ಟಿಲ್ಲ ಅಪ್ಪ."

ಹಿಂದಿನ ಮುಚ್ಚಳ ತೆಗೆದರೆ ಹೌದು, ಸ್ಪ್ರಿಂಗುಗಳನ್ನು ಹಿಡಿದ ದಪ್ಪ ಲೋಹದ ತುಂಡಿಗೆ ಬೆಸೆದ ಕಪ್ಪು ವೈರು ಮೇಲೆ ಮೇಲೆ ಅಂಟಿಕೊಂಡಂತೆ ಇತ್ತು, ಎಳೆದರೆ ಕೈಗೆ ಬಂತು. ದಪ್ಪ ಲೋಹ ಬಿಸಿಯನ್ನೆಲ್ಲ ಹೀರಿಬಿಡುತ್ತದೆ, 25 ವಾಟಿಗೆ ಜಗ್ಗುವುದಿಲ್ಲ. ಪಕ್ಕದ ಟಿ.ವಿ. ರಿಪೇರಿಯವನಿಂದ 60 ವಾಟಿನ ಕಡ್ಡಿ ತಂದ. ಲೋಹವನ್ನು ಸ್ವಲ್ಪ ಕೆರೆದು, ಕಡ್ಡಿಯನ್ನು ಒತ್ತಿ ಹಿಡಿದು ಕಾದ. ನಾನು ಟಾರ್ಚು ಹಿಡಿದಿದ್ದೆ. ಕೈ ನಡುಗದಂತೆ ಹಿಡಿ ಎಂದ. ಸೀಸ ಕರಗಿ ಹೊಳೆಯುತ್ತಾ ಹರಡಿಕೊಂಡಿತು.

ಆಗ ಟಾರ್ಚು ಹಿಡಿದುಕೊಂಡೇ ನಾನು ಹೇಳಿದೆ, "ಅದನ್ನ 150 ರೂಪಾಯಿಗೆ ಕೊಟ್ಟಿದ್ದೆ."

ಅವನು ಬೆಸುಗೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಗೊತ್ತು. ಮಾರನೇ ದಿನ ಅವನ ಗೋದಾಮಿಗೆ ಹೋಗಿದ್ದೆ. 400 ಕೊಡು ಅಂದ. ನನ್ನ ಹತ್ರ 260 ಇತ್ತು. ಮತ್ತೆ ಶನಿವಾರ ಹೋದೆ, ಅಷ್ಟರಲ್ಲಿ ಮಾರಿಬಿಟ್ಟಿದ್ದ."

140 ರೂಪಾಯಿ ಕಮ್ಮಿ. ನನ್ನನ್ನು ಕೇಳಬಹುದಿತ್ತಲ್ಲ ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

ಮುಚ್ಚಳ ಹಾಕಿ ಮತ್ತೆ ಸಿಕ್ಕಿಸಿದ. ತಂತಿಗೆ ಕೈ ತಾಗಿಸುತ್ತಲೇ ಹೆಜ್ಜೇನು ಗೂಡಿಗೆ ಹೋಗಿ ಕೂತಿತು. ಒಂದು ನೊಣದಷ್ಟು ಸದ್ದು ಉಳಿಯಿತು. ನಾನು ಶ್ರುತಿ ಮಾಡುವ ಯಂತ್ರ ಹುಡುಕುವಷ್ಟರಲ್ಲಿ ಅವನು ಒಂದು ತಂತಿಯ ಐದನೇ ಫ್ರೆಟ್ಟು ಒತ್ತಿ ಪಕ್ಕದ ತಂತಿಯನ್ನು ಕಿವಿಯಲ್ಲೇ ಕೂಡಿಸುತ್ತಾ ಬಂದ. ನಾಲ್ಕನೇ ಫ್ರೆಟ್ಟಿಗೆ ಬರಬೇಕಾದಲ್ಲಿ ತಾನಾಗಿ ನಾಲ್ಕಕ್ಕೆ ಬಂತು ಕೈ. ನೀಲಿ ಪ್ಲೆಕ್ಟ್ರಮ್ಮನ್ನು ಮೇಜಿನ ಮೇಲೆ ಇಟ್ಟೆ. ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಾಲ್ಕೈದು ಸಲ ಮೀಟಿದ, ಯಾವ ಹಾಡೂ ಅಲ್ಲ. ಬೆರಳ ತುದಿ ನೋಡಿಕೊಂಡು "ಮೆತ್ತಗಾಗಿದೆ" ಎಂದ. ಒಳಗಿನಿಂದ ಇವಳು, ಕಡುಬು ಆರ್ತಾ ಇದೆ, ಎಲೆ ಹಾಕಿದ್ದೀನಿ, ಬನ್ನಿ ಎಂದು ಕೂಗಿದಳು.

ಹೊರಡುವಾಗ ಗಿಟಾರನ್ನು ತೆಗೆದುಕೊಂಡು ಹೋಗು ಎಂದೆ. ಅದಕ್ಕಾಗಿ ತಾನೇ ಮಾಡಿದ್ದು. "ಬೇಡ, ನಿನ್ನ ಕ್ಲಾಸಿಗೆ ಬೇಕಲ್ಲ. ನಾನು ಬಂದಾಗ ಇರ್ಲಿ" ಎಂದ. ಪ್ಲೆಕ್ಟ್ರಮ್ ಮಾತ್ರ ಮೇಜಿನ ಮೇಲೆ ಇರಲಿಲ್ಲ. ನಾನು ಮತ್ತೆ ಎ.ಟಿ.ಎಂ. ಕಾರ್ಡಿಗೆ ಬಂದಿದ್ದೇನೆ.

ಈಗ ಭಾನುವಾರ ಫೋನು ಬಂದರೆ ಬಿ.ಪಿ. ಎಷ್ಟಿದೆ ಎಂದು ಕೇಳಿದ ಮೇಲೆ ಆಕ್ಷನ್ ಎಷ್ಟಿದೆ ಎಂದೂ ಕೇಳುತ್ತಾನೆ. ಫ್ರೆಟ್ಟಿನಿಂದ ತಂತಿಗೆ ಇರುವ ಎತ್ತರ ಅದು. ಹನ್ನೆರಡನೇ ಫ್ರೆಟ್ಟಿನಲ್ಲಿ ಎರಡು ಮಿಲಿಮೀಟರಿನ ಒಳಗಿದ್ದರೆ ಬೆರಳಿಗೆ ಸುಖ. ಮುಂಬಯಿಯ ಮಳೆಗಾಲ ಶುರುವಾದರೆ ಮರ ನೀರು ಕುಡಿದು ಕತ್ತು ಬಾಗುತ್ತದೆ. ಮೊನ್ನೆ ಅಳೆದರೆ ಎರಡೂವರೆ ಆಗಿತ್ತು. ಸಲಾಕೆಯನ್ನು ಕಾಲು ಸುತ್ತು ಮಾತ್ರ ತಿರುಗಿಸು, ಜಾಸ್ತಿ ಬೇಡ, ಒಂದು ದಿನ ಬಿಟ್ಟು ಮತ್ತೆ ಅಳತೆ ತಗೊಂಡು ಫೋನ್ ಮಾಡು ಎಂದಿದ್ದಾನೆ. ನಿನ್ನೆ ಸಂಜೆ ತಿರುಗಿಸಿ ಇಟ್ಟಿದ್ದೇನೆ. ಇವತ್ತು ಕಾಫಿ ಆದ ಮೇಲೆ ಸ್ಕೇಲು ಹಿಡಿದು ನೋಡಬೇಕು.